ಬಿಟ್ಟ ಮೇಲೆ ಕೆಳಗೆ ನೋಡಬಾರದು

ನಾನು ನಿಂತಿದ್ದದ್ದು ಕೊಟ್ಟೂರಿನಲ್ಲಿ, ಕೂಡ್ಲಿಗಿ ರಸ್ತೆಯ ಪಕ್ಕದ ಮುಚ್ಚಿಹೋದ ಶೇಂಗಾ ಮಿಲ್ಲಿನ ಗೋದಾಮಿನೊಳಗೆ, ಮೂಡಣ ಗೋಡೆಗೆ ಬೆನ್ನು ಹಾಕಿ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲೊಂದು. ಹಿಂಗಾರಿ ಬಿತ್ತನೆಗೆ ಜನ ಹದ ಕಾಯುತ್ತಿದ್ದ ದಿನಗಳು, ಮಧ್ಯಾಹ್ನದ ಊಟ ಆದ ಹೊತ್ತು. ತಗಡಿನ ತೂತಿನಿಂದ ಇಳಿದ ಬಿಸಿಲು ನನ್ನ ಎಡಗಾಲಿನ ಪಕ್ಕ ಬಿದ್ದಿತ್ತು. ಬಲಗೈಯಲ್ಲಿ ಕಬ್ಬಿಣದ ಹಿಡಿಕೆ ಇತ್ತು. ಎದುರಿಗೆ, ಹಳೆಯ ಲಾರಿಯ ಸೀಟಿನ ಮೇಲೆ, ನನ್ನ ಅಕ್ಕನ ಮಗ ಕೂತಿದ್ದ. ನಾನು ನೋಡುತ್ತಿದ್ದ ಹಾಗೆ ಅವನು ಬಾಂಬು ಬಿಟ್ಟ. ಆಮೇಲೆ ಅವನೂ ಅದರ ಹಿಂದೆಯೇ ನೆಲಕ್ಕೆ ಬಡಿದು ಸತ್ತ.

ಬಾಂಬು ಎಂದರೆ ಒಂದು ಗುಂಡಿ ಒತ್ತಿದ್ದು, ಅಷ್ಟೇ. ನೆಲ ಎಂದರೆ ಬಣ್ಣ ಬಳಿದ ಬಟ್ಟೆ. ಸತ್ತದ್ದು ಎಲ್ಲರಿಗೂ ತಿಳಿಯಲಿ ಎಂದು ನನ್ನ ಗೆಳೆಯ ಮರದ ಸುತ್ತಿಗೆಯಿಂದ ಒಂದು ತಗಡು ಬಡಿಯುತ್ತಿದ್ದ. ಆ ಶಬ್ದಕ್ಕೆ ಮಾಡಿನ ಪಾರಿವಾಳಗಳು ಎದ್ದು ಮತ್ತೆ ಕೂತವು.

"ಮತ್ತ ಸತ್ತೆಲ್ಲಪ್ಪ ಸಾಹೇಬ," ಎಂದ ಗೆಳೆಯ. "ಇವತ್ತು ಎಷ್ಟನೇ ತಿಥಿ ಇದು? ಪಾಯಸ ಮಾಡಿ ಮಾಡಿ ಬೆಲ್ಲ ತೀರೈತಿ."

ಅಕ್ಕನ ಮಗ ನಗಲಿಲ್ಲ. "ಇನ್ನೊಂದು ಸಲ, ಮಾವ," ಎಂದ.

ನಾನು ಹಿಡಿಕೆಯನ್ನು ಕೂಡಲೇ ತಿರುಗಿಸಲಿಲ್ಲ. ಬಣ್ಣದ ಬಟ್ಟೆಯ ಮುಂದೆ ನಿಂತು ನಾನೇಕೆ ಹೆದರಿದೆ ಎಂಬುದನ್ನು ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಆದ್ದರಿಂದ ಅದನ್ನು ಮೊದಲು ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ವಾಯುಪಡೆಯಲ್ಲಿ ಇದ್ದೆ. ಹಾರುವವನಲ್ಲ. ದೇಶದ ಉತ್ತರದಲ್ಲಿ ಒಂದು ಠಾಣೆ. ಅಲ್ಲಿ ನೆಲದ ಗುರಿಗಳ ಮೇಲೆ ದಾಳಿ ಮಾಡುವ ವಿಮಾನಗಳು ಇದ್ದವು. ಆ ವಿಮಾನಕ್ಕೆ ಹತ್ತುವ ಮೊದಲು ಪೈಲಟ್ಟುಗಳು ಕಲಿಯಲಿ ಎಂದು ಒಂದು ಸಿಮ್ಯುಲೇಟರ್ ಇತ್ತು. ನೆಲಕ್ಕೆ ಬಿಗಿದ ವಿಮಾನದ ಮೂತಿ, ಒಳಗೆ ಒಂದು ಸೀಟು, ನಿಜವಾದ ವಿಮಾನದಲ್ಲಿ ಇರುವಂಥವೇ ಸ್ವಿಚ್ಚುಗಳು, ಮುಂದೆ ಒಂದು ಪರದೆ. ಪಕ್ಕದ ದೊಡ್ಡ ಕೋಣೆಯಲ್ಲಿ ಗೋಡೆಯ ಉದ್ದಕ್ಕೂ ಗುಡ್ಡ, ನದಿ, ಸೇತುವೆ, ಹೆಬ್ಬೆರಳಿನಷ್ಟು ದೊಡ್ಡ ಮನೆಗಳು, ಸ್ಪಂಜಿನ ಮರಗಳು. ಹಳಿಯ ಮೇಲೆ ಓಡುವ ಒಂದು ಕ್ಯಾಮೆರಾ ಆ ಗೊಂಬೆ ನೆಲದ ಮೇಲೆ ಹಾದು ಹೋಗುತ್ತಿತ್ತು. ಪೈಲಟ್ಟಿನ ಪರದೆಯ ಮೇಲೆ ಕಾಣುತ್ತಿದ್ದದ್ದು ಅದೇ. ನನ್ನ ಕೆಲಸ ಹೊರಗಿನ ಮೇಜಿನ ಮುಂದೆ. ರೆಕ್ಕೆಯ ಕೆಳಗೆ ಏನು ತೂಗುಹಾಕಿದೆ, ಬಾಂಬೋ ರಾಕೆಟ್ಟೋ, ಇಂಧನ ಎಷ್ಟು, ಯಾವ ಸ್ವಿಚ್ಚು ಕೆಡಬೇಕು ಎಂಬುದನ್ನೆಲ್ಲ ನಾನು ಹೊಂದಿಸುತ್ತಿದ್ದೆ. ಒಳಗೆ ಪೈಲಟ್ಟು ಒಂದೊಂದು ಸ್ವಿಚ್ಚು ಮುಟ್ಟಿದಾಗಲೂ ನನ್ನ ಮೇಜಿನ ಮೇಲೆ ಒಂದೊಂದು ದೀಪ ಹತ್ತುತ್ತಿತ್ತು. ಅವನ ಬೆರಳು ಎಲ್ಲಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಅವನ ಕಣ್ಣು ಎಲ್ಲಿದೆ ಎಂದು ಗೊತ್ತಾಗುತ್ತಿರಲಿಲ್ಲ.

ಒಮ್ಮೆ ಒಂದು ಯಂತ್ರದ ರಿಪೇರಿಗೆ ಎಂದು ನಮ್ಮನ್ನು ಬಾಂಬು ಹಾಕಿ ಕಲಿಯುವ ಮೈದಾನಕ್ಕೆ ಕಳಿಸಿದರು. ನಾನು ಕಾವಲು ಗೋಪುರದ ಕೆಳಗಿನ ಮೆಟ್ಟಿಲ ಬಳಿ ನಿಂತಿದ್ದೆ. ಒಂದು ವಿಮಾನ ಬಂತು, ಮೂತಿ ಬಗ್ಗಿಸಿತು, ಕಲಿಕೆಯ ಬಾಂಬು ಬಿಟ್ಟಿತು. ಸುಣ್ಣದ ವೃತ್ತದ ಒಳಗೇ ಬಿಳಿ ಹೊಗೆ ಎದ್ದಿತು. ಚೆನ್ನಾಗಿ ಬಿತ್ತು ಎಂದು ಪಕ್ಕದವರು ಹೇಳುವಷ್ಟರಲ್ಲಿ ವಿಮಾನವೂ ಅದೇ ದಾರಿಯಲ್ಲಿ ಇಳಿದು ಬಂದು ನೆಲಕ್ಕೆ ಬಡಿಯಿತು. ಮೂತಿ ಕೊನೆಯಲ್ಲಿ ಸ್ವಲ್ಪ ಎದ್ದಿತ್ತು. ಅದನ್ನು ನಾನು ಕಂಡಿದ್ದೇನೆ. ಸ್ವಲ್ಪ ಎದ್ದಿತ್ತು, ಸಾಲಲಿಲ್ಲ. ಆ ಪೈಲಟ್ಟಿನ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಸಿಮ್ಯುಲೇಟರಿನಲ್ಲಿ ಅವನ ದೀಪಗಳೆಲ್ಲ ಸರಿಯಾದ ಕ್ರಮದಲ್ಲೇ ಹತ್ತುತ್ತಿದ್ದವು.

ಸೇವೆ ಮುಗಿಸಿ ಬಂದು ಕೊಟ್ಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದೆ. ಮೈದಾನದಲ್ಲಿ ಕಂಡದ್ದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದದ್ದಕ್ಕೆ ಒಂದು ಕಾರಣ ಅಕ್ಕನ ಮಗ. ಕೋಗಳಿಯ ಕುರಿಗಾರರ ಮನೆಯಿಂದ, ಹೊಲ ಕುರಿ ಎರಡೂ ನೋಡಿಕೊಂಡು ಬೆಳೆದವನು, ಓದಿ, ಪರೀಕ್ಷೆ ಬರೆದು, ಪೈಲಟ್ಟಾಗಿದ್ದ. ಈಗ ಅಂಥದೇ ದಾಳಿ ವಿಮಾನದ ಕಲಿಕೆಯಲ್ಲಿದ್ದ. ರಜೆಗೆ ಬಂದವನು ಕೋಗಳಿಗೆ ಹೋಗದೆ ಮೊದಲು ನನ್ನ ಮನೆಗೆ ಬಂದ. ಚೀಲ ಕೆಳಗಿಡುವ ಮೊದಲೇ ಹೇಳಿದ.

"ಮಾವ, ಸಿಮ್ಯುಲೇಟರಿನಾಗ ಎರಡು ಸಲ ಸತ್ತೀನಿ. ರಜಾ ಮುಗಿಸಿ ಹೋದ ಕೂಡ್ಲೆ ಮೂರನೇದು. ಅದರಾಗೂ ಸತ್ರ ಇಳಿಸ್ತಾರ."

"ಇಳಿಸಿ ಏನು ಮಾಡ್ತಾರ?"

"ಸಾಮಾನು ಹೊರೋ ವಿಮಾನಕ್ಕ ಹಾಕಬಹುದು. ಇಲ್ಲಾಂದ್ರ ಆಫೀಸಿನ ಕುರ್ಚಿ."

"ಸಾಮಾನು ಹೊತ್ರ ಮಾನ ಹೋಗ್ತೈತೇನಲೇ?"

"ಇಲ್ಲ. ನನಗ ಬ್ಯಾಡ, ಅಷ್ಟಽ."

ಹೇಗೆ ಸತ್ತೆ ಎಂದು ಕೇಳಿದೆ. ಸ್ವಿಚ್ಚುಗಳಲ್ಲಿ ತಪ್ಪಿಲ್ಲ, ಗುರಿಯಲ್ಲಿ ತಪ್ಪಿಲ್ಲ, ಬಿಟ್ಟ ಮೇಲೆ ಮೂತಿ ಎತ್ತುವುದು ತಡ ಎಂದ. ಎಷ್ಟು ತಡ? ಒಂದು ಉಸಿರು. ಏಕೆ? ಗೊತ್ತಿಲ್ಲ. ಕಲಿಸುವವರಿಗೂ ಗೊತ್ತಾಗಿಲ್ಲ. "ಜಲ್ದಿ ಎಳಿ, ಜಲ್ದಿ ಎಳಿ ಅಂತಾರ. ನಾನು ಜಲ್ದಿನಽ ಎಳೀತೀನಿ ಅಂತ ನನಗನ್ನಸ್ತೈತಿ."

ಮೈದಾನದಲ್ಲಿ ಸ್ವಲ್ಪ ಎದ್ದಿದ್ದ ಆ ಮೂತಿ ನನ್ನ ಕಣ್ಣ ಮುಂದೆ ಬಂತು. ಇವನು ಆ ಒಂದು ಉಸಿರಿನ ತಡವನ್ನು ಇಲ್ಲಿಯೇ ಬಿಟ್ಟು ಹೋಗಬೇಕು, ಇಲ್ಲವೇ ಆ ಕೆಲಸಕ್ಕೆ ಹೋಗಬಾರದು ಎಂದು ನಾನು ಆಗಲೇ ತೀರ್ಮಾನಿಸಿದೆ. ಅವನಿಗೆ ಇಷ್ಟೇ ಹೇಳಿದೆ: "ಇಲ್ಲೇ ಒಂದು ವಿಮಾನ ಕಟ್ಟೋಣು."

ಗೋದಾಮಿನ ಕೀಲಿ ನನ್ನ ಗೆಳೆಯನ ಹತ್ತಿರ ಇತ್ತು. ಅವನು ಟೆಂಟ್ ಸಿನಿಮಾದ ಆಪರೇಟರ್. ಹಡಗಲಿ, ಹರಪನಹಳ್ಳಿ, ಅರಸೀಕೆರೆ ಎಂದು ಊರೂರು ತಿರುಗಿ, ಮಳೆಗಾಲದಲ್ಲಿ ಟೆಂಟನ್ನೂ ಯಂತ್ರವನ್ನೂ ಆ ಗೋದಾಮಿನಲ್ಲಿ ಇಟ್ಟು ಸುಮ್ಮನೆ ಕೂರುತ್ತಿದ್ದ. ಬೋರ್ಡು ಬರೆಯುವ ಕೈಯೂ ಇತ್ತು. ವಿಷಯ ಹೇಳಿದಾಗ, "ಟಿಕೀಟು ಇಟ್ರ ನಡೀತೈತಿ ನೋಡು," ಎಂದ. ಆಮೇಲೆ ನನ್ನ ಮುಖ ನೋಡಿ, "ಇಲ್ಲ ಬಿಡು, ಫಿರಿ ಶೋ," ಎಂದು ತಾನೇ ಮೊದಲು ಎದ್ದ.

ವಿಮಾನದ ನಿಜವಾದ ಲೆಕ್ಕ, ಅಳತೆ, ಹೆಸರು ಯಾವುದೂ ಆ ಗೋದಾಮಿಗೆ ಬರಲಿಲ್ಲ, ಇಲ್ಲಿಯೂ ಬರುವುದಿಲ್ಲ. ಅಭ್ಯಾಸಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಲಾರಿಯ ಸೀಟು. ಅದರ ಮುಂದೆ ಗುಜರಿಯ ಗೇರಿನ ಕೋಲು, ಅದೇ ವಿಮಾನದ ಮೂತಿ ಎತ್ತಿ ಇಳಿಸುವ ಬಲಗೈಯ ಕಡ್ಡಿ. ತುದಿಯಲ್ಲಿ ಸೈಕಲ್ ಬೆಲ್ಲಿನ ಗುಂಡಿ, ಅದು ಬಾಂಬು ಬಿಡುವುದು. ಎಡಗೈಗೆ ಇಂಜಿನಿನ ವೇಗದ ಹಿಡಿಕೆ. ಎಡ ಮುಂಭಾಗದಲ್ಲಿ ಒಂದು ಹಲಗೆ. ಅದರ ಮೇಲೆ ಸ್ವಿಚ್ಚುಗಳ ಸಾಲು, ಟಾರ್ಚಿನ ಬಲ್ಬುಗಳು. ಎದುರಿಗೆ ಒಂದು ಚೌಕಟ್ಟು, ಅದರಲ್ಲಿ ಎರಡು ಉರುಳೆಗಳಿಗೆ ಸುತ್ತಿದ ಉದ್ದನೆಯ ಬಟ್ಟೆ. ನಾನು ಹಿಡಿಕೆ ತಿರುಗಿಸಿದರೆ ಬಟ್ಟೆಯ ಮೇಲಿನ ನೆಲ ಅವನ ಕಡೆ ಓಡಿ ಬರುತ್ತಿತ್ತು. ಅವನು ಕಡ್ಡಿಯನ್ನು ಹಿಂದಕ್ಕೆ ಎಳೆದರೆ ಹಗ್ಗದಿಂದ ಚೌಕಟ್ಟು ಕೆಳಗೆ ವಾಲಿ, ಹಿಂದಿನ ಬಿಳಿ ಗೋಡೆ ಆಕಾಶವಾಗಿ ಕಾಣುತ್ತಿತ್ತು. ಪಕ್ಕದ ಕಂಬದ ಮೇಲೆ ಎತ್ತರ ತೋರಿಸುವ ತಗಡಿನ ಮುಳ್ಳು. ಬಟ್ಟೆ ಓಡಿದ ಹಾಗೆ ಅದು ಇಳಿಯುತ್ತಿತ್ತು. ಕಂಬದ ಮೇಲೊಂದು ಕೆಂಪು ಗೆರೆ. ಮುಳ್ಳು ಗೆರೆಯನ್ನು ದಾಟುವುದರೊಳಗೆ ಕಡ್ಡಿ ಎಳೆಯದಿದ್ದರೆ ಗೆಳೆಯ ತಗಡು ಬಡಿಯುತ್ತಿದ್ದ.

ಬಟ್ಟೆಯ ಮೇಲೆ ನೆಲ ಬರೆದವನೂ ಅವನೇ. ಗುಡ್ಡ, ಕೆರೆ, ಹೊಲ, ಹಗರಿ ಹೊಳೆ ಎಲ್ಲ ಬಂದವು. ಗುರಿಗೆ ಏನು ಬರೆಯಲಿ ಎಂದು ಯೋಚಿಸುತ್ತ, "ಹೊಳಲು ಅನಂತಶಯನನ ಗುಡಿ ಬರೀಲೇನು? ಚಂದಾಗಿ ಬರ್ತೈತಿ," ಎಂದ.

"ಗುಡಿ ಮ್ಯಾಲೆ ಬಾಂಬ್ ಹಾಕ್ಲೇನ್ರಿ ಕಾಕಾ?" ಎಂದ ಅಕ್ಕನ ಮಗ.

"ದೇವರು ಮಲಗ್ಯಾನ, ಎಚ್ಚರ ಆಗಲ್ಲ ಬಿಡು."

ಕೊನೆಗೆ ಸುಣ್ಣದ ಒಂದು ವೃತ್ತ ಬರೆದ. ಆದರೆ ಕೈ ಸುಮ್ಮನಿರದೆ ವೃತ್ತದ ಪಕ್ಕ ಒಂದು ಕುರಿ ಹಿಂಡು ಬರೆದುಬಿಟ್ಟ. ಅದನ್ನು ಅಳಿಸುವ ತನಕ ಅಕ್ಕನ ಮಗ ಸೀಟಿಗೆ ಹತ್ತಲಿಲ್ಲ.

ಸ್ವಿಚ್ಚುಗಳ ಕ್ರಮ ಅವನಿಗೆ ಮೊದಲೇ ಬರುತ್ತಿತ್ತು. ಏನು ಬಿಡುವುದು ಎಂಬ ಆಯ್ಕೆ ಮೊದಲು. ಯಾವ ರೆಕ್ಕೆಯ ಯಾವ ಜೋಡಿ ಎಂಬುದು ಆಮೇಲೆ. ಬಾಂಬು ಸಿಡಿಸುವ ಕಿಡಿ ಅದರ ಮೂತಿಗೋ ಬಾಲಕ್ಕೋ ಎಂಬುದು ಅದಾದ ಮೇಲೆ. ಎಲ್ಲಕ್ಕೂ ದೊಡ್ಡದಾದ ಮಾಸ್ಟರ್ ಸ್ವಿಚ್ಚು ಕಟ್ಟಕಡೆಗೆ, ಗುರಿಯ ಕಡೆ ಮೂತಿ ತಿರುಗಿದ ಮೇಲೆ ಮಾತ್ರ. ಬಿಟ್ಟು, ಎಳೆದು, ಮೇಲೆದ್ದ ಮೇಲೆ ಮೊದಲು ಮುಚ್ಚುವುದೂ ಅದನ್ನೇ. ನಾನು ಮಧ್ಯದಲ್ಲಿ ಒಂದು ಬಲ್ಬು ಆರಿಸಿ, ಎಡ ಜೋಡಿ ಕೆಟ್ಟಿದೆ ಎಂದು ಕೂಗಿದರೆ, ಕಣ್ಣು ಗುರಿಯಿಂದ ತೆಗೆಯದೆ ಎಡಗೈ ಬೆರಳಿನಿಂದಲೇ ಬಲ ಜೋಡಿಗೆ ಬದಲಿಸುತ್ತಿದ್ದ. ಬೆರಳುಗಳಲ್ಲಿ ದೋಷವಿರಲಿಲ್ಲ.

ಈ ಸಲ ನಾನು ಮೇಜಿನ ಹಿಂದೆ ದೀಪ ನೋಡುತ್ತ ಕೂತಿರಲಿಲ್ಲ. ಅವನ ಎದುರಿಗೇ ನಿಂತಿದ್ದೆ, ಅವನ ಕಣ್ಣು ಕಾಣುತ್ತಿತ್ತು. ಆದ್ದರಿಂದ ಮೊದಲು ಹೇಳಿದ ಆ ಮಧ್ಯಾಹ್ನ ಕಂಡೆ. ಗುಂಡಿ ಒತ್ತಿದ ಕೂಡಲೇ ಅವನ ತಲೆ ಬಗ್ಗುತ್ತಿತ್ತು. ಒಂದು ಉಸಿರು ಕೆಳಗೆ ನೋಡಿ, ಮತ್ತೆ ಎದ್ದು, ಆಮೇಲೆ ಕಡ್ಡಿ ಎಳೆಯುತ್ತಿದ್ದ.

"ಕೆಳಗ ಏನು ನೋಡ್ತಿ?"

"ನಾನೆಲ್ಲಿ ನೋಡ್ದೆ ಮಾವ?"

"ನೋಡಿದಿ."

"ಇಲ್ಲ."

"ಖರೇ ನೋಡಿದಿ ಸಾಹೇಬ," ಎಂದ ಗೆಳೆಯ. "ಜೇಬಿನಾಗಿಂದ ಏನೋ ಬಿದ್ದಂಗ."

ಬಾಂಬು ಹೋಯಿತೇ ಎಂದು ಹಲಗೆಯ ಬಲ್ಬನ್ನು ನೋಡುತ್ತಾನೆ ಎಂದುಕೊಂಡೆ. ಬಲ್ಬು ಕಿತ್ತು ಹಾಕಿದೆ. ಆದರೂ ನೋಡಿದ. ಹಲಗೆಗೆ ಟವೆಲ್ಲು ಹೊದಿಸಿದೆ. ಆದರೂ ನೋಡಿದ. ಆಗ ಅವನ ದೃಷ್ಟಿಯ ಗೆರೆಯನ್ನು ಸರಿಯಾಗಿ ಹಿಡಿದು ಹೋದೆ. ಅದು ಹಲಗೆಯ ಕಡೆ ಇರಲೇ ಇಲ್ಲ. ಬಲ ಮೊಣಕಾಲಿನ ಆಚೆ, ಪಾದದ ಸ್ವಲ್ಪ ಮುಂದೆ, ಬರಿಯ ನೆಲ. ಅಲ್ಲಿ ಏನೂ ಇರಲಿಲ್ಲ. ನಿಜವಾದ ವಿಮಾನದಲ್ಲೂ ಅಲ್ಲಿ ನೋಡುವಂಥದ್ದು ಏನೂ ಇಲ್ಲ.

ಇಲ್ಲದ್ದನ್ನು ನೋಡುವವನನ್ನು ತಡೆಯುವುದು ಹೇಗೆ ಎಂದು ತಿಳಿಯದೆ ಇಬ್ಬರೂ ಸುಸ್ತಾದೆವು.

ಅಷ್ಟರಲ್ಲಿ ಮಳೆ ಬಂತು. ಕೋಗಳಿಯ ಕಪ್ಪು ಎರಿ ಹೊಲಕ್ಕೆ ಹದ ಬಂದಿದೆ, ಬಿತ್ತಲು ಆಳಿಲ್ಲ, ಅಕ್ಕನ ಮಣಿಕಟ್ಟು ಟಗರು ಗುದ್ದಿ ಊದಿದೆ ಎಂದು ಭಾವ ಹೇಳಿ ಕಳಿಸಿದ. ನಾವಿಬ್ಬರೂ ಬೆಳಗಿನ ಬಸ್ಸಿಗೆ ಹೋದೆವು.

ಕೂರಿಗೆಯಿಂದ ಬಿತ್ತುವುದಕ್ಕೆ ಇಬ್ಬರು ಬೇಕು. ಮುಂದೆ ಎತ್ತು ಹೊಡೆಯುವವನು. ಹಿಂದೆ ಕಾಳು ಬಿಡುವವರು. ಉಡಿಯಿಂದ ಹಿಡಿ ಹಿಡಿ ಜೋಳ ತೆಗೆದು ಮರದ ಬಟ್ಟಲಿಗೆ ಒಂದೇ ಸಮ ಬಿಡುತ್ತ ನಡೆಯಬೇಕು. ಬಟ್ಟಲಿನ ತೂತುಗಳಿಂದ ಬಿದಿರ ಕೊಳವೆಗಳಲ್ಲಿ ಇಳಿದು ಕಾಳು ಸಾಲಿಗೆ ಬೀಳುತ್ತದೆ. ಅಕ್ಕ ಬಿಡುವ ಜಾಗದಲ್ಲಿ ಅಂದು ಮಗ ನಿಂತ. ಭಾವ ಎತ್ತು ಹೊಡೆದ. ನಾನು ಬದುವಿನ ಮೇಲೆ ಅಕ್ಕನ ಪಕ್ಕ ನಿಂತಿದ್ದೆ.

ಅವನು ಒಂದು ಹಿಡಿ ಬಿಟ್ಟ. ತಲೆ ಬಗ್ಗಿತು. ಬಲ ಮೊಣಕಾಲಿನ ಆಚೆ, ಪಾದದ ಸ್ವಲ್ಪ ಮುಂದೆ ನೋಡಿದ. ಎದ್ದ. ಇನ್ನೊಂದು ಹಿಡಿ ಬಿಟ್ಟ. ತಲೆ ಬಗ್ಗಿತು.

ನಾನು ಕೂಗಿ ಎತ್ತು ನಿಲ್ಲಿಸಿದೆ. ಹಾವು ಕಂಡಿತೇನೋ ಎಂದು ಭಾವ ಹಿಂದಕ್ಕೆ ಹಾರಿದ.

"ಏನು ನೋಡ್ದಿ ಈಗ?" ಎಂದು ಅವನನ್ನು ಕೇಳಿದೆ.

"ಕೊಳವಿ," ಎಂದ. ಎರಿ ಮಣ್ಣು ಹಸಿ ಇದ್ದಾಗ ಕೊಳವೆಯ ಬಾಯಿಗೆ ಮೆತ್ತಿಕೊಂಡು ಕಟ್ಟಿಬಿಡುತ್ತದೆ. ಕಾಳು ಬೀಳುತ್ತಿದೆಯೋ ಇಲ್ಲವೋ ಎಂದು ಆಗಾಗ ನೋಡಬೇಕು. ಅಷ್ಟು ಹೇಳಿ, ಬಟ್ಟಲಿನ ಮೇಲೆ ಇದ್ದ ತನ್ನ ಕೈಯನ್ನು ನೋಡಿದ, ಆಮೇಲೆ ಕೊಳವೆಯನ್ನು ನೋಡಿದ. ಅವನಿಗೂ ತಿಳಿಯಿತು.

ಬದುವಿನ ಮೇಲೆ ಕೂತಾಗ ಹೇಳಿದ. ಚಿಕ್ಕವನಿದ್ದಾಗ ಒಮ್ಮೆ ಕೊಳವೆ ಕಟ್ಟಿದ್ದು ನೋಡದೆ ಕಾಳು ಬಿಟ್ಟಿದ್ದನಂತೆ. ಇಂಥ ತಪ್ಪು ಆ ದಿನ ಯಾರಿಗೂ ಕಾಣುವುದಿಲ್ಲ. ಮೊಳಕೆ ಬಂದಾಗ ಒಂದು ಸಾಲು ಬರಿದು. ನಮ್ಮ ಕಡೆ ಅದಕ್ಕೆ ಹುಸಿ ಸಾಲು ಎನ್ನುತ್ತಾರೆ. ಮುಚ್ಚಿಡುವುದಕ್ಕೆ ಆಗುವುದಿಲ್ಲ. ಜೋಳ ಎದೆಯುದ್ದ ಬೆಳೆದರೂ ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ, ತೆನೆ ಕೊಯ್ಯುವ ತನಕ. "ಅಪ್ಪ ಹೋಗೋ ಬರೋರಿಗೆಲ್ಲ ಕರೆದು ತೋರಿಸ್ತಿದ್ದ. ಇದು ನಮ್ಮ ಸಾಹೇಬರು ಬಿತ್ತಿದ್ದು ನೋಡ್ರಿ ಅಂತಿದ್ದ. ಅಂದಿನಿಂದ ನೋಡ್ತೀನಿ ಮಾವ."

"ನಾನು ನಗಿಚಾಟಿಕಿಗೆ ಅಂದಿದ್ದೆ," ಎಂದ ಭಾವ.

"ನನಗ ನಗಿ ಬರಲಿಲ್ಲಪ್ಪ."

ಕಾರಣ ತಿಳಿದ ಮಾತ್ರಕ್ಕೆ ತಲೆ ಬಗ್ಗುವುದು ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲೂ ಬಗ್ಗಿತು. ಆಗ ಅವನೇ ಹೇಳಿದ: "ಈ ಹೊಲ ನಾನು ನೋಡದ ಬಿತ್ತತೀನಿ."

ಅಕ್ಕ ಬೈದಳು. "ನೋಡದ ಬಿತ್ತೋರು ಯಾರದಾರಲೇ? ನಾನೂ ನೋಡ್ತೀನಿ, ನಮ್ಮತ್ತಿನೂ ನೋಡ್ತಿದ್ಲು. ಹೊಲ ಏನು ನಿಮ್ಮ ಆಟದ ಬಯಲೇನು? ಮಾವ ಅಳಿಯ ಕೂಡಿ ಗೋದಾಮಿನಾಗ ಕುಣದದ್ದು ಸಾಲಲಿಲ್ಲೇನು?"

ಆಮೇಲೆ ನನ್ನನ್ನು ಬೇವಿನ ಮರದ ಕೆಳಗೆ ಕರೆದಳು. "ತಮ್ಮಾ, ಖರೇ ಹೇಳು. ಅಲ್ಲಿ ನೋಡಿದ್ರ ಏನಾಗ್ತೈತಿ?"

ಮೈದಾನದಲ್ಲಿ ಕಂಡದ್ದನ್ನು ಅವಳಿಗೆ ಹೇಳಿದೆ. ಹೇಳಿದ್ದು ಅದೇ ಮೊದಲು. ನಿಧಾನವಾಗಿ, ಯಾವುದು ಮೊದಲು ಕಂಡಿತು, ಯಾವುದು ಆಮೇಲೆ ಎಂದು, ಬಿಡದೆ ಹೇಳಿದೆ. ಅವಳು ಊದಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೇಳಿದಳು. ಹಾಗಾದರೆ ಹೋಗುವುದೇ ಬೇಡ ಎನ್ನುತ್ತಾಳೆ ಎಂದು ಕಾದೆ. ಅವಳು ಹಾಗೆನ್ನಲಿಲ್ಲ. "ನಾ ಬ್ಯಾಡ ಅಂದ್ರ ಬಿಡ್ತಾನೇನು?" ಎಂದು ಕೇಳಿ, ತಾನೇ "ಇಲ್ಲ" ಎಂದಳು. ಕಾಳಿನ ಚೀಲದ ಹತ್ತಿರ ಹೋಗಿ ಎಡಗೈಯಿಂದಲೇ ಅವನ ಉಡಿ ತುಂಬಿದಳು.

ಭಾವ ಒಂದು ಮಾತು ಹೇಳಿದ. "ಬೇಕಾದ್ರ ಹಳ್ಳದ ಕಡಿ ಹೊಲ ಹಂಗ ಬಿತ್ಲಿ. ರಸ್ತಿ ಕಡಿದು ಬ್ಯಾಡ. ಮಂದಿ ಬಾಯಿಗೆ ಬೀಳಾಕ ನನಗಾಗಲ್ಲ."

"ರಸ್ತಿ ಕಡಿದಽ ಕೊಡು," ಎಂದ ಮಗ. "ಹಳ್ಳದ ಕಡಿ ಯಾರಿಗೂ ಕಾಣಲ್ಲ. ಅಲ್ಲಿ ನೋಡಬೇಕು ಅಂತ ಅನ್ನಸೂದೂ ಇಲ್ಲ. ಅನ್ನಸೋ ಕಡಿನಽ ನೋಡದ ಇರಬೇಕು."

ರಸ್ತೆಯ ಕಡೆಯ ಹೊಲವನ್ನೇ ಹಿಡಿದರು. ಅವನು ಎರಡು ಎತ್ತುಗಳ ನಡುವಿನಿಂದ, ದೂರದ ಒಂದು ಬನ್ನಿ ಮರದ ಮೇಲೆ ಕಣ್ಣು ನೆಟ್ಟ. ನಾನು ಪಕ್ಕದಲ್ಲಿ ನಡೆದೆ. ತಲೆ ಬಗ್ಗಿದಾಗಲೆಲ್ಲ "ನೋಡಿದಿ" ಎನ್ನುವುದು ನನ್ನ ಕೆಲಸ. ಬೆಳಿಗ್ಗೆ ಆ ಮಾತು ಬಿಟ್ಟು ನನ್ನ ಬಾಯಿಂದ ಬೇರೆ ಬರಲಿಲ್ಲ. ಮಣ್ಣಿನ ಹೆಂಟೆ ಎಡವಿ ಎರಡು ಸಲ ಮೊಣಕಾಲು ಊರಿದ. ಉಡಿಯ ಕಾಳು ಚೆಲ್ಲಿತು. ರಸ್ತೆಯಲ್ಲಿ ಗಾಡಿ ನಿಲ್ಲಿಸಿದ ಒಬ್ಬ, "ಏನ್ರೀ, ಮದುಮಗನ ಕರಕೊಂಡು ಹೊಂಟಂಗ ಪಕ್ಕದಾಗ ಹೊಂಟೀರಿ?" ಎಂದು ಕೇಳಿದ. ಭಾವ ತಿರುಗದೆಯೇ, "ನಮ್ಮ ಸಾಹೇಬರು ಹಾರಾಡಾಕ ಕಲೀತಾರ, ನೀ ಗಾಡಿ ಹೊಡಿ," ಎಂದ.

ಮಧ್ಯಾಹ್ನದ ರೊಟ್ಟಿ ತಿನ್ನುವಾಗ ಅವನ ಕುತ್ತಿಗೆಯ ನರ ಬಿಗಿದು ನಿಂತಿತ್ತು. ಒಂದು ಹೊಲ ಬಿತ್ತಿದ್ದಕ್ಕೆ ಅಷ್ಟು ದಣಿವು ಬರುವುದಿಲ್ಲ. ಇಳಿಹೊತ್ತಿಗೆ ನಾನು ಬಾಯಿ ಬಿಡುವುದು ಕಡಿಮೆಯಾಯಿತು. ಕೊನೆಯ ಸಾಲುಗಳಲ್ಲಿ ಎತ್ತಿನ ಗಂಟೆ, ಭಾವನ "ಹೋ" ಎಂಬ ಕೂಗು, ಇಷ್ಟೇ ಕೇಳುತ್ತಿತ್ತು. ಅವನ ಕಣ್ಣು ಮರದ ಮೇಲೇ ಇತ್ತು. ಕಾಳು ಬಿದ್ದಿತೋ ಇಲ್ಲವೋ ಆ ಹೊತ್ತಿಗೆ ಯಾರಿಗೂ ಗೊತ್ತಿರಲಿಲ್ಲ.

ರಜೆ ಮುಗಿಯುವ ಮುನ್ನಾ ದಿನ ಕೊಟ್ಟೂರಿನ ಸಂತೆ ಇತ್ತು. ಅಕ್ಕ ಭಾವ ಇಬ್ಬರೂ ಬಂದಿದ್ದರು. ಅಕ್ಕ ಗೋದಾಮಿನೊಳಗೆ ಬಂದವಳು ಚೌಕಟ್ಟು, ಹಗ್ಗ, ಬಟ್ಟೆ ಎಲ್ಲವನ್ನೂ ಒಮ್ಮೆ ನೋಡಿದಳು. ಸೆರಗಿನ ಗಂಟು ಬಿಚ್ಚಿ ಮೈಲಾರನ ಅರಿಸಿನದ ಭಂಡಾರ ತೆಗೆದು ಮಗನ ಹಣೆಗೆ ಹಚ್ಚಿದಳು, ಕಡ್ಡಿಗೂ ಹಚ್ಚಿದಳು. "ಬೆಲ್ಲಿನ ಗುಂಡಿಗೆ ಬ್ಯಾಡಬೇ, ಜಿಗುಟು ಆಗ್ತೈತಿ," ಎಂದ ಮಗ.

ನಾನು ಗೋಡೆಗೆ ಬೆನ್ನು ಹಾಕಿ ಹಿಡಿಕೆ ಹಿಡಿದೆ. ಗೆಳೆಯ ಸುತ್ತಿಗೆ ಎತ್ತಿ ತಗಡಿನ ಹತ್ತಿರ ನಿಂತ. ಬಟ್ಟೆ ಓಡತೊಡಗಿತು. ಗುಡ್ಡ ಹೋಯಿತು, ಕೆರೆ ಹೋಯಿತು. ಅವನ ಎಡಗೈ ಹಲಗೆಯ ಮೇಲೆ ಹೋಯಿತು: ಆಯ್ಕೆ, ಜೋಡಿ, ಕಿಡಿ. ಸುಣ್ಣದ ವೃತ್ತ ಕಂಡಿತು. ಮಾಸ್ಟರ್ ಸ್ವಿಚ್ಚು ಮೇಲೆ. ಮುಳ್ಳು ಇಳಿಯುತ್ತಿತ್ತು. ನಾನು ಬೇಕೆಂದೇ ವೇಗ ಹೆಚ್ಚಿಸಿದೆ. ವೃತ್ತ ಚೌಕಟ್ಟಿನ ನಡುವೆ ಬಂತು. ಅವನು ಒತ್ತಿದ.

ತಲೆ ಬಗ್ಗಲು ಹೊರಟಿತು. ಇದನ್ನು ನಾನು ಸರಿಯಾಗಿ ಹೇಳಬೇಕು. ಗದ್ದ ಒಂದು ಬೆರಳಿನಷ್ಟು ಕೆಳಗೆ ಬಂತು. ಕುತ್ತಿಗೆಯ ನರ ಎದ್ದಿತು. ಗದ್ದ ಅಲ್ಲಿಯೇ ನಿಂತಿತು. ಕಣ್ಣು ಮುಂದೆಯೇ ಇತ್ತು, ಮತ್ತು ಬಲಗೈ ಕಡ್ಡಿಯನ್ನು ಹೊಟ್ಟೆಯ ತನಕ ಎಳೆದಿತ್ತು. ಚೌಕಟ್ಟು ವಾಲಿತು. ನೆಲ ಹೋಯಿತು. ಮುಂದೆ ಬಿಳಿ ಗೋಡೆ. ಅವನ ಎಡಗೈ ತಾನಾಗಿಯೇ ಹೋಗಿ ಮಾಸ್ಟರ್ ಸ್ವಿಚ್ಚು ಮುಚ್ಚಿತು.

ಮುಳ್ಳು ಕೆಂಪು ಗೆರೆಗಿಂತ ಮೇಲೆಯೇ ನಿಂತಿತ್ತು. ಗೆಳೆಯ ಎತ್ತಿದ ಸುತ್ತಿಗೆ ಎತ್ತಿದ ಹಾಗೆಯೇ ಇತ್ತು.

ಭಾವ ಬಟ್ಟೆಯ ಕಡೆ ಬಗ್ಗಿ ನೋಡಿ ಕೇಳಿದ: "ಬಾಂಬು ಎಲ್ಲಿ ಬಿತ್ತು?"

"ಗೊತ್ತಿಲ್ಲಪ್ಪ."

"ಗೊತ್ತಿಲ್ಲದಽ ಬಿಟ್ಟು ಬಂದ್ಯಾ?"

"ಹೌದು."

"ಎಂಥಾ ಒಕ್ಕಲುತನಲೇ ಇದು," ಎಂದ ಭಾವ. ಅಕ್ಕ ಮಾತ್ರ ನನ್ನ ಮುಖ ನೋಡುತ್ತಿದ್ದಳು. ನಾನು ತಲೆಯಾಡಿಸಿದೆ. ಅವಳು ಅಲ್ಲಿಯೇ ಖಾಲಿ ಚೀಲದ ಮೇಲೆ ಕೂತುಬಿಟ್ಟಳು.

"ಇನ್ನೊಂದು ಸಲ," ಎಂದ ಅವನು. ಸಂತೆ ಮುಗಿಯುವ ತನಕ ಮಾಡಿದೆವು. ತಗಡು ಒಮ್ಮೆ ಬಡಿಯಬೇಕಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಬಡಿಯಲಿಲ್ಲ.

ಅವನು ಹೋದ ಮೇಲೆ ಜೋಳ ಮೊಳೆಯಿತು. ನಾನು ಕೋಗಳಿಗೆ ಹೋಗಿ ನೋಡಿದೆ. ಹೊಲದ ನಡುವೆ ಒಂದು ಹುಸಿ ಸಾಲು ಈ ಬದುವಿನಿಂದ ಆ ಬದುವಿನ ತನಕ ಇತ್ತು. ಇನ್ನೊಂದು ಅರ್ಧದಲ್ಲಿ ನಿಂತಿತ್ತು. ಬಸ್ಸಿನ ಕಿಟಕಿಯಿಂದ ಬೈತಲೆ ತೆಗೆದ ಹಾಗೆ ಕಾಣುತ್ತಿತ್ತು. ಕೈಯಿಂದ ಕಾಳು ಊರಿ ಮುಚ್ಚೋಣ ಎಂದು ಭಾವ ಕಾಳು ತೆಗೆದಿಟ್ಟಿದ್ದ. ಅಕ್ಕ ಬಿಡಲಿಲ್ಲ. ಅವನ ಸುದ್ದಿ ಬರಲಿ ಎಂದಳು. ಕೇಳಿದವರಿಗೆಲ್ಲ, "ನನ್ನ ಮಗ ಬಿತ್ಯಾನ," ಎಂದಷ್ಟೇ ಹೇಳಿದಳು.

ಸುದ್ದಿ ಎಕ್ಸ್‌ಚೇಂಜಿಗೇ ಬಂತು, ನಾನು ಕೆಲಸದ ಮೇಲಿದ್ದಾಗ. ಲೈನಿನಲ್ಲಿ ಗಾಳಿಯ ಸದ್ದು. "ಮಾವ, ಆತು," ಎಂದ.

"ಗೆರಿ ಮ್ಯಾಲ?"

"ಮ್ಯಾಲ."

"ನೋಡಿದ್ಯಾ?"

"ಅರ್ಧ," ಎಂದ.

"ಅರ್ಧಾನೂ ಬ್ಯಾಡ."

"ಇಲ್ಲಿ ಹೊಲ ಇಲ್ಲಲ್ಲ ಮಾವ."

"ಖೋಲಿಯಾಗ ಕುರ್ಚಿ ಐತಿಲ್ಲ? ಕುರ್ಚಿ ಮ್ಯಾಲ ಕುಂತು ಬಿತ್ತು. ದಿನಾ ಬಿತ್ತು. ನಿಜವಾದ ವಿಮಾನ ಹತ್ತೋ ಮೊದಲು ಆ ಅರ್ಧ ಹೋಗಬೇಕು. ಹೋಗಲಿಲ್ಲಂದ್ರ ನೀನಽ ಇಳೀಬೇಕು, ಅವರು ಇಳಿಸೋ ತನಕ ಕಾಯಬಾರದು. ಮಾತು ಕೊಡು."

ಕೊಟ್ಟ. ಆ ವರ್ಷದ ಚಳಿಗಾಲದಲ್ಲಿ ಫೋನು ಬಂದಾಗಲೆಲ್ಲ ನಾನು ಅದೊಂದನ್ನೇ ಕೇಳುತ್ತಿದ್ದೆ, ಅವನು ಉತ್ತರ ಹೇಳುತ್ತಿದ್ದ. ಅರ್ಧ. ಸ್ವಲ್ಪ. ಸ್ವಲ್ಪ. ಒಂದು ದಿನ, "ಏನು ಕೇಳ್ತಿದ್ದಿ ಮಾವ, ತಿಳೀಲಿಲ್ಲ," ಎಂದ. ಕೆಳಗೆ ನೋಡುತ್ತಿದ್ದದ್ದನ್ನೇ ಅವನು ಮರೆತಿದ್ದ; ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಅವನು ಆ ವಿಮಾನಕ್ಕೆ ಹತ್ತಿದ.

ಕೊಟ್ಟೂರಿನ ಗೋದಾಮಿನಲ್ಲಿ ಆ ಸಂತೆಯ ದಿನ ನಡೆದದ್ದನ್ನು ಕಂಡವರು ಐದು ಜನ. ಭಾವ ತೀರಿಕೊಂಡಿದ್ದಾನೆ. ಟೆಂಟ್ ಸಿನಿಮಾದ ಗೆಳೆಯ ಹರಪನಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಕಿವಿ ಮಂದ, ನೆನಪು ಚೆನ್ನಾಗಿದೆ, ಕೇಳಿದರೆ ಹೇಳುತ್ತಾನೆ. ಅಕ್ಕ ಕೋಗಳಿಯಲ್ಲಿದ್ದಾಳೆ. ನಾನು ಇದ್ದೇನೆ. ಹಾರುವ ಕೆಲಸವನ್ನು ಪೂರ್ತಿ ಮುಗಿಸಿ, ತಲೆಗೂದಲು ಬೆಳ್ಳಗಾಗಿ, ಅಕ್ಕನ ಮಗನೂ ಇದ್ದಾನೆ.